ಬರಾಹಾದ ಆರು ಸೊನ್ನೆಗಳು

ನನಗೆ ಸೈಕಲ್ ತುಳಿಯಲಿಕ್ಕೂ ಬರುವುದಿಲ್ಲ. ಅಂಥವಳು ಮೂರು ಚಳಿಗಾಲ ರೇಸಿನ ಅಂಕಪಟ್ಟಿ ಬರೆದೆನೆಂದರೆ ಊರಲ್ಲಿರುವ ನನ್ನ ತಂಗಿ ಇವತ್ತಿಗೂ ನಂಬುವುದಿಲ್ಲ. ರೇಸ್ ಎಂದರೆ ದೊಡ್ಡ ಕಾರಿನದಲ್ಲ, ಗೋ-ಕಾರ್ಟಿನದು. ನೆಲಕ್ಕೆ ಅಂಟಿಕೊಂಡೇ ಓಡುವ, ಕುಳಿತವನ ಮೊಣಕಾಲು ಗದ್ದಕ್ಕೆ ತಾಗುವಂಥ ಪುಟ್ಟ ಗಾಡಿ. ದೋಹಾದ ಹೊರಗೆ ಅದನ್ನು ಬಾಡಿಗೆಗೆ ಕೊಡುವ ಒಂದು ಟ್ರ್ಯಾಕ್ ಇದೆ. ಚಳಿಗಾಲದ ಶುಕ್ರವಾರ ಬೆಳಿಗ್ಗೆ ಏಳರಿಂದ ಎಂಟು, ಆ ಒಂದು ಗಂಟೆ ನಮ್ಮ ಕರಾವಳಿಯವರದು. ಆಮೇಲೆ ಬೇರೆಯವರು ಬರುತ್ತಾರೆ.

ನಾವಿರುವುದು ಮೆಸಯೀದಿನ ಕಂಪನಿ ಮನೆಯಲ್ಲಿ. ಚಳಿಗಾಲದ ಬೆಳಗ್ಗೆ ಅಲ್ಲಿ ಮಂಜು ಎಷ್ಟು ದಟ್ಟವಾಗಿರುತ್ತದೆ ಎಂದರೆ ಎದುರುಮನೆಯ ಗೇಟು ಕಾಣುವುದಿಲ್ಲ, ಸ್ಥಾವರದ ಚಿಮಣಿಯ ಬೆಂಕಿ ಮಾತ್ರ ಎಲ್ಲೋ ಆಕಾಶದಲ್ಲಿ ಕೆಂಪಗೆ ತೇಲುತ್ತಿರುತ್ತದೆ. ಆ ಮಂಜಿನಲ್ಲಿ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನನ್ನ ಯಜಮಾನರು ಮುಂದೆ, ಫ್ಲಾಸ್ಕು, ಪೆನ್ಸಿಲು, ರಟ್ಟು ಹಿಡಿದು ನಾನು ಹಿಂದೆ. ಐವತ್ತು ದಾಟಿದ ಗಂಡಸು ವಾರದಲ್ಲಿ ಆ ಒಂದು ದಿನ ಹುಡುಗನ ಹಾಗೆ ಮೆಟ್ಟಿಲು ಹಾರಿ ಇಳಿಯುತ್ತಿದ್ದರು. ಬಿದ್ದು ಸೊಂಟ ಮುರಿದುಕೊಂಡರೆ ಎಣ್ಣೆ ಹಚ್ಚುವವಳು ನಾನಲ್ಲ ಎಂದು ನಾನು ಪ್ರತಿ ವಾರ ಹೇಳುತ್ತಿದ್ದೆ.

ನಿಯಮಗಳು ಪೋಲೆಂಡಿನಿಂದ ಬಂದವು. ಯಜಮಾನರ ಹಳೆಯ ಮೇಲಧಿಕಾರಿ ಅಲ್ಲಿಯವನು. ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದವನು ನೀರುದೋಸೆಯನ್ನು ಕೈಯಲ್ಲಿ ಹಿಡಿದುಕೊಂಡೇ ತನ್ನ ಊರಿನ ಸ್ಪೀಡ್‌ವೇ ಬಗ್ಗೆ ಹೇಳತೊಡಗಿದ. ಮಣ್ಣಿನ ದುಂಡನೆಯ ಹಾದಿ, ಬ್ರೇಕೇ ಇಲ್ಲದ ಬೈಕು, ನಾಲ್ಕು ಜನ, ನಾಲ್ಕು ಸುತ್ತು. ಲೀಗಿನಲ್ಲಿ ತಂಡಗಳನ್ನು ಮೇಲೆ ಕೆಳಗೆ ಮಾಡುವ ಲೆಕ್ಕವನ್ನು ವರ್ಷಕ್ಕೊಂದು ರೀತಿ ಬದಲಿಸುತ್ತಾರಂತೆ. ಒಂದೇ ಸೀಸನ್ನನ್ನು ಐದು ರೀತಿ ಲೆಕ್ಕ ಹಾಕಿ ನೋಡು, ಐದು ಬೇರೆ ಬೇರೆ ತಂಡ ಗೆದ್ದಿರುತ್ತದೆ ಎಂದು ನಕ್ಕ. ಅವನು ಊರಿಗೆ ಹೋದ ಮೇಲೂ ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ನಮ್ಮ ಲೆಕ್ಕ ಸುಲಭದ್ದು. ಒಂದು ಓಟಕ್ಕೆ, ಅದಕ್ಕೆ ಹೀಟ್ ಎನ್ನುತ್ತಾರೆ, ನಾಲ್ಕು ಗಾಡಿ, ತಂಡಕ್ಕೆ ಎರಡರಂತೆ. ಮೊದಲು ಬಂದವನಿಗೆ ಮೂರು, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ. ಇಂಥ ಆರು ಹೀಟ್ ಸೇರಿ ಒಂದು ಪಂದ್ಯ. ಯಾರ ಮೊತ್ತ ಹೆಚ್ಚೋ ಅವರಿಗೆ ಪಟ್ಟಿಯಲ್ಲಿ ಎರಡು, ಸಮವಾದರೆ ಇಬ್ಬರಿಗೂ ಒಂದೊಂದು, ಸೋತವರಿಗೆ ಸೊನ್ನೆ. ಎರಡೇ ಅಂಕದಲ್ಲಿ ಸೋತರೂ ಸೊನ್ನೆ, ಹನ್ನೆರಡರಲ್ಲಿ ಸೋತರೂ ಸೊನ್ನೆ.

ತಂಡ ನಾಲ್ಕು. ಅಲ್ ಥುಮಾಮಾದ ಆಫೀಸಿನವರು, ಅಲ್ ವಕ್ರಾದ ಅಂಗಡಿಯವರು, ಮೆಸಯೀದಿನ ನಮ್ಮವರು, ಮತ್ತೆ ಬರ್ವಾ ಅಲ್ ಬರಾಹಾದ ಕೆಲಸಗಾರರ ಕ್ಯಾಂಪಿನವರು. ಪ್ರತಿ ಇಬ್ಬರೂ ಎರಡೆರಡು ಸಲ ಎದುರಾದರೆ ಹನ್ನೆರಡು ಶುಕ್ರವಾರ ಬೇಕು. ಚಳಿಗಾಲ ಅಲ್ಲಿಗೆ ಖಲಾಸ್.

ಮದುವೆಗೆ ಮುಂಚೆ ನಾನು ಉಡುಪಿಯ ಕಡೆ ಒಂದು ಕನ್ನಡ ಶಾಲೆಯಲ್ಲಿ ಟೀಚರು. ಒಂದನೇ ಕ್ಲಾಸಿನ ಮಕ್ಕಳ ಕೈಹಿಡಿದು ೧, ೨, ೩ ತಿದ್ದಿಸಿದವಳು. ಹಾಗಾಗಿ ಪಟ್ಟಿಯನ್ನೂ ಕನ್ನಡ ಅಂಕಿಯಲ್ಲೇ ಬರೆಯುತ್ತಿದ್ದೆ. ಇದು ಎಂತ ಜಿಲೇಬಿ ಎಂದು ಥುಮಾಮಾದವರು ತಮಾಷೆ ಮಾಡಿದರು. ದೋಹಾದಲ್ಲೇ ಹುಟ್ಟಿ ಬೆಳೆದ ನನ್ನ ಮಗಳಂತೂ ಅಮ್ಮ ಡ್ರಾಯಿಂಗ್ ಮಾಡ್ತಾ ಇದ್ದಾಳೆ ಎಂದಳು. ನನಗೆ ಕೋಪ ಮೂಗಿನ ತುದಿಯಲ್ಲೇ. ಬೇಕಾದವರು ಕಲಿಯಿರಿ, ಬೇಡದವರು ನೀವೇ ಬರೆದುಕೊಳ್ಳಿ ಎಂದು ಪೆನ್ಸಿಲು ಮುಂದೆ ಹಿಡಿದೆ. ಒಬ್ಬನೂ ತೆಗೆದುಕೊಳ್ಳಲಿಲ್ಲ. ಆಮೇಲೆ ನಾನೇ ಸೋತು, ಟ್ರ್ಯಾಕಿನ ಫಲಕಕ್ಕೆ ಅಂಟಿಸುವ ಪ್ರತಿಯನ್ನು ಮಾತ್ರ ಇಂಗ್ಲಿಷ್ ಅಂಕಿಯಲ್ಲಿ ಮನೆಯಿಂದ ಬರೆದು ತರುತ್ತಿದ್ದೆ.

ನನ್ನ ಜಿಲೇಬಿಯನ್ನು ಓದುತ್ತಿದ್ದವನು ಒಬ್ಬನೇ, ಬರಾಹಾ ತಂಡದ ನಾಯಕ. ಬೆಳ್ತಂಗಡಿ ಕಡೆಯವನು, ಎಸಿ ಮೆಕ್ಯಾನಿಕ್, ಸಣ್ಣ ಆಳು. ನನ್ನನ್ನು ಅಕ್ಕ ಎನ್ನುತ್ತಿದ್ದ. ಪ್ರತಿ ಶುಕ್ರವಾರ ಪಂದ್ಯ ಮುಗಿದ ಮೇಲೆ ಬಂದು ಪಟ್ಟಿಯ ಫೋಟೋ ತೆಗೆದುಕೊಂಡು ಹೋಗುತ್ತಿದ್ದ. ತನ್ನ ಪಂದ್ಯ ಇಲ್ಲದ ವಾರ ನನ್ನಿಂದ ತರಿಸಿಕೊಳ್ಳುತ್ತಿದ್ದ. ಸೋತವನಿಗೆ ಇದೆಂಥ ಆಸೆ ಎಂದು ಒಮ್ಮೆ ಕೇಳಿದೆ. ಊರಲ್ಲಿ ಅವನ ಮಗಳು ಒಂದನೇ ಕ್ಲಾಸು, ಕನ್ನಡ ಶಾಲೆ. ಮನೆಯಲ್ಲಿ ತುಳು ಮಾತಾಡಿದರೂ ಅಂಕಿ ಓದುವುದು ಕನ್ನಡದಲ್ಲೇ. ಶುಕ್ರವಾರ ಸಂಜೆ ಫೋನಿನಲ್ಲಿ ಅವಳು ಪಟ್ಟಿಯನ್ನು ಒಂದೊಂದೇ ಮನೆಯಾಗಿ ಓದಬೇಕು, ಇವನು ಇಲ್ಲಿ ಮಂಚದ ಮೇಲೆ ಮಲಗಿ ಕೇಳಬೇಕು. ಇಡೀ ವಾರದಲ್ಲಿ ಅವರಿಬ್ಬರಿಗೂ ಅದೇ ಮಾತುಕತೆ. ಊಟ ಆಯ್ತಾ, ಜ್ವರ ಬಿಟ್ಟಿತಾ ಎಂದು ಕೇಳಿದರೆ ಮಗು ಫೋನನ್ನು ಅಮ್ಮನ ಕೈಗೆ ಕೊಟ್ಟು ಓಡಿಬಿಡುತ್ತದಂತೆ, ಅಂಕಿಯಾದರೆ ನಿಂತು ಓದುತ್ತದಂತೆ.

ಅವತ್ತಿನಿಂದ ನನ್ನ ಅಕ್ಷರ ದುಂಡಗಾಯಿತು. ಸೊನ್ನೆಯನ್ನಂತೂ ಬಳೆ ಇಟ್ಟು ತಿದ್ದಿದಂತೆ ಬರೆದೆ.

ಪಾಪ, ಅವನ ಸಾಲಿನಲ್ಲಿ ಇದ್ದದ್ದೇ ಸೊನ್ನೆ. ಮೂರನೆಯ ಚಳಿಗಾಲ ಬರಾಹಾದವರು ಎಲ್ಲ ಪಂದ್ಯವನ್ನೂ ಹತ್ತೊಂಬತ್ತು-ಹದಿನೇಳು, ಹತ್ತೊಂಬತ್ತು-ಹದಿನೇಳು ಎಂದು ಕೂದಲೆಳೆಯಲ್ಲಿ ಸೋಲುತ್ತ ಬಂದರು. ಅವರು ಬರುತ್ತಿದ್ದುದು ಕ್ಯಾಂಪಿನ ಶುಕ್ರವಾರದ ಬಸ್ಸಿನಲ್ಲಿ. ಬಸ್ಸು ಮೊದಲು ಮಾರ್ಕೆಟ್ಟಿಗೆ ಹೋಗುವವರನ್ನು ಇಳಿಸಿ ಆಮೇಲೆ ಟ್ರ್ಯಾಕಿನ ದಾರಿ ಹಿಡಿಯಬೇಕು. ಏಳಕ್ಕೆ ಸರಿಯಾಗಿ ಎಂದೂ ಮುಟ್ಟಲಿಲ್ಲ. ತಂಡದ ಒಬ್ಬನಿಗೆ ಹತ್ತಿರದಲ್ಲೇ ಕೆಲಸವಿತ್ತು, ಅವನು ನಡೆದು ಬಂದು ನಿಂತಿರುತ್ತಿದ್ದ. ಮೊದಲ ಹೀಟಿನಲ್ಲಿ ಅವನೊಬ್ಬನೇ ಎರಡು ಗಾಡಿಗಳ ಎದುರು ಓಡಿ, ಮೂರನೆಯವನಾಗಿ ಬಂದು, ಒಂದು ಅಂಕ ತರುತ್ತಿದ್ದ. ಎದುರಿನವರಿಗೆ ಐದು. ಆಮೇಲೆ ಉಳಿದವರು ಬಸ್ಸಿನಿಂದ ಇಳಿದು ಓಡಿ ಬಂದು ಎಷ್ಟು ಚೆನ್ನಾಗಿ ಓಡಿಸಿದರೂ ಆ ಕೊರತೆ ತುಂಬುತ್ತಿರಲಿಲ್ಲ. ಐದು ನಿಮಿಷ ಕಾಯೋಣ ಎಂದು ಯಾರೂ ಹೇಳಲಿಲ್ಲ. ನಮಗಿದ್ದದ್ದು ಒಂದೇ ಗಂಟೆ. ಯಲ್ಲಾ ಯಲ್ಲಾ, ಬೇಗ ಎಂದು ಬಾವುಟ ಬೀಳಿಸಿ ಓಟ ಶುರುಮಾಡಿಸುತ್ತಿದ್ದರು. ನಾನೂ ಸುಮ್ಮನೆ ಬರೆದುಕೊಂಡೆ.

ಚಳಿಗಾಲ ಅರ್ಧ ಕಳೆದಾಗ ಉತ್ತರದ ಅಲ್ ಖೋರಿನಿಂದ ಹೊಸ ತಂಡವೊಂದು ತಾವೂ ಬರುತ್ತೇವೆಂದಿತು. ಐದು ತಂಡಕ್ಕೆ ಶುಕ್ರವಾರ ಸಾಲದು. ನಮ್ಮ ಹಾಲಿನಲ್ಲೇ ಮೀಟಿಂಗ್. ಗೋಳಿಬಜೆ ತಿನ್ನುತ್ತ ತೀರ್ಮಾನಿಸಿದರು: ಪಟ್ಟಿಯಲ್ಲಿ ಕೊನೆಗೆ ಉಳಿದವರು ಮುಂದಿನ ವರ್ಷ ಜಾಗ ಬಿಡಬೇಕು. ಬರಾಹಾದ ನಾಯಕ ಡ್ಯೂಟಿಯಲ್ಲಿದ್ದ, ಮೀಟಿಂಗಿಗೆ ಬಂದಿರಲಿಲ್ಲ. ಕೊನೆಗೆ ಯಾರು ಉಳಿಯುತ್ತಾರೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಇನ್ನೊಂದು ಸುತ್ತು ಚಹಾ ತಂದುಕೊಟ್ಟೆ, ಅಷ್ಟೆ. ಆ ದಿನ ಬಾಯಿ ಬಿಡದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಮಧ್ಯಾಹ್ನಗಳಲ್ಲಿ ನಾನು ಒಂಥರಾ ಆದೆ. ಯಜಮಾನರು ಶಿಫ್ಟ್ ಮುಗಿಸಿ ಬಂದು ಮಲಗಿರುತ್ತಿದ್ದರು, ಎಸಿ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು, ಪರದೆಯ ಹೊರಗೆ ಬಿಸಿಲೋ ಧೂಳೋ ಎಂದು ತಿಳಿಯದ ಬಿಳಿ ಬೆಳಕು. ಊಟದ ಮೇಜಿನ ಮೇಲೆ ಹಳೆಯ ಹೀಟ್ ಚೀಟಿಗಳನ್ನೆಲ್ಲ ಹರವಿಕೊಂಡು ಅದೇ ಸೀಸನ್ನನ್ನು ಬೇರೆ ಬೇರೆ ರೀತಿ ಕೂಡಿಸುತ್ತಿದ್ದೆ. ಸೋಲು ಗೆಲುವು ಬಿಟ್ಟು ಹೀಟಿನ ಅಂಕಗಳನ್ನೇ ಕೂಡಿಸಿದರೆ ಬರಾಹಾ ಮೂರನೆಯದು, ನಮ್ಮ ಮೆಸಯೀದೇ ಕೊನೆ. ನಮ್ಮವರು ಬರಾಹಾದ ಎದುರು ಎರಡು ಸಲ ಎರಡೆರಡು ಅಂಕದಲ್ಲಿ ಗೆದ್ದು, ಉಳಿದೆಡೆ ಮಣ್ಣು ಮುಕ್ಕಿದ್ದರು. ಬಸ್ಸಿಗೆ ಕಾಯದ ಆ ಮೊದಲ ಹೀಟನ್ನು ಬಿಟ್ಟು ಲೆಕ್ಕ ಹಾಕಿದೆ. ಅಯ್ಯೋ ದೇವರೇ, ಬರಾಹಾದವರು ಒಂದು ಪಂದ್ಯವನ್ನೂ ಸೋತಿರಲಿಲ್ಲ! ಮತ್ತೆ ಮತ್ತೆ ಕೂಡಿಸಿದೆ. ಹಾಗೆಯೇ ಬಂತು.

ಹಾಗೇ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದ ದಿನಗಳೂ ಇವೆ. ನಿದ್ದೆಯಲ್ಲಿ ಗೋ-ಕಾರ್ಟುಗಳು ಕಂಬಳದ ಗದ್ದೆಯಲ್ಲಿ ಓಡುತ್ತಿದ್ದವು. ಚಿಕ್ಕವಳಿದ್ದಾಗ ಸೋದರಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕನೆಹಲಗೆಯ ಓಟ ತೋರಿಸಿದ್ದರು. ಅದರಲ್ಲಿ ಯಾರು ಮೊದಲು ಮುಟ್ಟಿದರು ಎಂದು ಕೇಳುವುದೇ ಇಲ್ಲ. ಮೇಲೆ ಒಂದು ಬಟ್ಟೆ ಕಟ್ಟಿರುತ್ತಾರೆ, ಕೋಣ ಓಡುವಾಗ ಚಿಮ್ಮಿದ ನೀರು ಆ ಬಟ್ಟೆಗೆ ತಾಗಬೇಕು. ತಾಗಿಸಿದವರೆಲ್ಲ ಗೆದ್ದವರೇ, ಹತ್ತು ಜೋಡಿ ತಾಗಿಸಿದರೆ ಹತ್ತೂ. ನನ್ನ ಕನಸಿನಲ್ಲಿ ಬರಾಹಾದವನು ತಡವಾಗಿ ಬಂದು, ಒಬ್ಬನೇ ಗಾಡಿ ಬಿಟ್ಟುಕೊಂಡು ಹೋಗುತ್ತಿದ್ದ, ನೀರು ಎದ್ದು ಬಿಳಿ ಬಟ್ಟೆ ಪೂರ್ತಿ ಒದ್ದೆ. ಎಚ್ಚರಾದಾಗ ಕೆನ್ನೆಗೆ ಪೆನ್ಸಿಲಿನ ಮಸಿ ಅಂಟಿತ್ತು.

ಇದನ್ನೆಲ್ಲ ಯಜಮಾನರಿಗೆ ಹೇಗೆ ಹೇಳುವುದು? ನನ್ನ ಲೆಕ್ಕ ಗೆದ್ದರೆ ಹೋಗುವುದು ಅವರ ಶುಕ್ರವಾರ. ಅವರಿಗೆ ಬೇರೆ ಹುಚ್ಚಿಲ್ಲ, ಇಸ್ಪೀಟಿಲ್ಲ, ಸಿನಿಮಾ ಇಲ್ಲ. ಚೀಟಿಗಳನ್ನು ಮಡಚಿ ಮಸಾಲೆ ಡಬ್ಬಿಗಳ ಹಿಂದೆ ಇಟ್ಟುಬಿಡುತ್ತಿದ್ದೆ.

ಕೊನೆಯ ಶುಕ್ರವಾರ ಬರಾಹಾಕ್ಕೂ ವಕ್ರಾಕ್ಕೂ ಪಂದ್ಯ. ಬರಾಹಾದವರು ಹದಿನಾರು-ಇಪ್ಪತ್ತರಲ್ಲಿ ಸೋತರು. ಕೊನೆಯ ಪಟ್ಟಿ ಅಲ್ಲವೇ, ಮನೆಗೆ ಹೋಗಿ ನಕಲು ಮಾಡುವ ತಾಳ್ಮೆ ನನಗಿರಲಿಲ್ಲ. ಆರನೆಯ ಪಂದ್ಯದ ಮನೆಯಲ್ಲೂ ಒಂದು ಸೊನ್ನೆ ಬರೆದು, ಆ ಕನ್ನಡ ಪಟ್ಟಿಯನ್ನೇ ಫಲಕಕ್ಕೆ ಚುಚ್ಚಿದೆ.

ಟ್ರ್ಯಾಕಿನಲ್ಲಿ ಬಾವುಟ ಬೀಸುತ್ತಿದ್ದವನು ಸುಡಾನಿನ ಒಬ್ಬ ಮುದುಕ. ನಮ್ಮೆಲ್ಲರ ಮೇಲೂ ಅವನಿಗೆ ಪ್ರೀತಿ. ಕನ್ನಡಕ ಏರಿಸಿಕೊಂಡು ಪಟ್ಟಿಯ ಹತ್ತಿರ ಹೋದ. ಈ ದೇಶದಲ್ಲಿ ಇರುವವರಿಗೆ ಗೊತ್ತು, ಅರಬ್ಬಿಯ ಐದು ನೋಡಲು ನಮ್ಮ ಸೊನ್ನೆಯ ಹಾಗೆಯೇ ಒಂದು ದುಂಡು. ಅವರ ಸೊನ್ನೆ ಬರೀ ಚುಕ್ಕೆ. ನನಗೂ ಹೊಸದರಲ್ಲಿ ಅಂಗಡಿಯ ಬೆಲೆಚೀಟಿ ಓದುವಾಗ ಮೋಸವಾಗುತ್ತಿತ್ತು. ಮುದುಕನಿಗೆ ಈಗ ಅದೇ ತಿರುಗುಮುರುಗಾಯಿತು. ಮೇಡಂ ತನಗಾಗಿ ಅರಬ್ಬಿ ಅಂಕಿ ಕಲಿತು ಬರೆದಿದ್ದಾರೆ, ಉಳಿದವು ಸೊಟ್ಟಗಾಗಿವೆ, ಐದು ಮಾತ್ರ ಚೆನ್ನಾಗಿ ಬಂದಿದೆ ಎಂದುಕೊಂಡ. ಬರಾಹಾದ ಸಾಲಿನ ಮೇಲೆ ಬೆರಳಿಟ್ಟು ಖಮ್ಸಾ, ಖಮ್ಸಾ, ಖಮ್ಸಾ ಎಂದು ಆರು ಸಲ ಐದನ್ನು ಗಟ್ಟಿಯಾಗಿ ಓದಿ, ಬರಾಹಾದ ಹುಡುಗರ ಕಡೆ ತಿರುಗಿ ಮಬ್ರೂಕ್, ಅಭಿನಂದನೆ ಎಂದು ಕೈ ಎತ್ತಿದ.

ಹುಡುಗರಿಗೆ ತಾವು ಸೋತದ್ದು ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಅವರಲ್ಲೊಬ್ಬ, ಅಕ್ಕ ಗ್ರೇಸ್ ಮಾರ್ಕ್ ಕೊಟ್ಟಿದ್ದಾರೆ, ಹೊಸ ಲೆಕ್ಕ ತಂದಿದ್ದಾರೆ, ಬಸ್ಸು ಲೇಟಾದದ್ದಕ್ಕೆ ಪರಿಹಾರ ಎಂದ. ಅಷ್ಟು ಸಾಕಾಯಿತು. ಒಬ್ಬನನ್ನೊಬ್ಬ ಎತ್ತಿಕೊಂಡು ಕುಣಿದರು. ನಾವು ಇದ್ದೇವೆ, ಮುಂದಿನ ವರ್ಷವೂ ಇದ್ದೇವೆ ಎಂದು ಕೂಗಿದರು. ಅವರಿಗೆ ಜಾಗ ಬಿಡುವ ವಿಷಯ ತಿಳಿದಿದೆ ಎಂದು ನನಗೆ ಗೊತ್ತಾದದ್ದೇ ಆಗ.

ನಾಯಕ ಮಾತ್ರ ಕುಣಿಯಲಿಲ್ಲ. ಫಲಕದ ಎದುರು ನಿಂತು ಪಟ್ಟಿ ಓದಿದ. ಎಂದಿನಂತೆ ಫೋಟೋ ತೆಗೆದ. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ:

“ಬಸ್ಸು ಹೊರಡುವವರೆಗೆ ಎಂತದೂ ಹೇಳ್ಬೇಡಿ ಅಕ್ಕ. ಇವತ್ತೊಂದು ದಿನ ಇರ್ಲಿ.”

ನಾನು ತಲೆಯಾಡಿಸಿದೆ. ಅವನು ಹೋಗಲಿಲ್ಲ, ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆಯುತ್ತ ನಿಂತಿದ್ದ.

“ಸೋತದ್ದಕ್ಕೆ ಬೇಜಾರಿಲ್ಲ ಅಕ್ಕ. ಮಗಳಿಗೆ ಸೊನ್ನೆ ಅಂದ್ರೆ ಇಷ್ಟ, ಬರೀಲಿಕ್ಕೆ ಸುಲಭ ಅಲ್ವಾ. ಮುಂದಿನ ವರ್ಷ ನಮ್ಮ ಸಾಲೇ ಇಲ್ದಿದ್ರೆ ಅವಳು ಎಂತ ಓದೂದು?”

ಬಸ್ಸು ಹೊರಟಿತು. ಕಿಟಕಿಯಿಂದ ಕೈಗಳು ಹೊರಬಂದು ಬೀಸಿದವು. ನಾನೂ ಕೈ ಬೀಸಿದೆ. ಮನೆ ತಲುಪಿದವಳೇ ಮಸಾಲೆ ಡಬ್ಬಿಗಳ ಹಿಂದಿನಿಂದ ಚೀಟಿಗಳನ್ನೆಲ್ಲ ತೆಗೆದು ಯಜಮಾನರ ಮುಂದೆ ಹಾಕಿ, ನೋಡಿ, ಇದು ನಿಮ್ಮ ತಂಡದ ಬಣ್ಣ ಎಂದೆ. ಅತ್ತೆನೋ ಬೈದೆನೋ ಸರಿಯಾಗಿ ನೆನಪಿಲ್ಲ, ಎರಡೂ ಇರಬೇಕು. ಅವರು ಒಂದೊಂದೇ ಚೀಟಿ ಎತ್ತಿ ನೋಡಿದರು. ಎಲ್ಲ ನೋಡಿ ಮುಗಿಸಿ ಹೋಗಿ ಮಲಗಿದರು. ನಿದ್ದೆ ಮಾಡಲಿಲ್ಲ ಎಂದು ಮಂಚದ ಸದ್ದಿನಿಂದ ತಿಳಿಯಿತು.

ಮುಂದಿನ ವಾರದ ಸಂಜೆ ಸೀಸನ್ ಮುಗಿಸುವ ಮೀಟಿಂಗ್, ನಮ್ಮ ಹಾಲಿನಲ್ಲೇ. ಈ ಸಲ ಬರಾಹಾದವನು ಬರದೆ ಗೋಳಿಬಜೆ ಬಾಣಲೆಗೆ ಬೀಳುವುದಿಲ್ಲ ಎಂದು ಹೇಳಿಬಿಟ್ಟಿದ್ದೆ. ಅವನು ಬಂದು ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತ. ನಾನು ಹೊಸ ಪಟ್ಟಿ ಬರೆದಿದ್ದೆ: ಪಂದ್ಯದ ಅಂಕಗಳ ಆಚೆ ಇನ್ನೊಂದು ಕಾಲಂ, ಹೀಟಿನ ಒಟ್ಟು ಅಂಕ. ಬರಾಹಾ ೧೦೧. ಮೆಸಯೀದ್ ೮೮. ಅದನ್ನು ಎಲ್ಲರ ಕೈಗೂ ಕೊಟ್ಟು, ಈ ಲೆಕ್ಕದಲ್ಲಿ ಕೊನೆಯವರು ನಾವು ಎಂದೆ.

ಥುಮಾಮಾದವನು, ಕುಣಿಯಲಾರದವರು ನೆಲ ಡೊಂಕು ಅಂದರಂತೆ ಎಂದು ನಕ್ಕ. ಕುಣಿಯಲಿಕ್ಕೆ ನೆಲಕ್ಕೇ ಬಿಡದೆ ಬಾಗಿಲು ಹಾಕಿಕೊಂಡರೆ ಅದಕ್ಕೆ ಎಂತ ಹೇಳುತ್ತಾರೆ ಎಂದು ನಾನು ಕೇಳಿದೆ. ವಕ್ರಾದ ಹಿರಿಯರೊಬ್ಬರಿದ್ದರು, ತಂದೆಯ ಕಾಲದಿಂದ ಇಲ್ಲಿ ಅಂಗಡಿ, ಎಲ್ಲರೂ ಅವರನ್ನು ಕಾಕ ಎನ್ನುವುದು. ಅವರು ನನ್ನ ಪಟ್ಟಿಯನ್ನು ಎರಡು ಸಲ ನೋಡಿ, ಲೆಕ್ಕ ಸುಳ್ಳಲ್ಲ ತಂಗಿ, ಆದರೆ ಆಡುವ ಮುಂಚೆ ಒಪ್ಪಿದ್ದು ಹಳೆಯ ಲೆಕ್ಕ, ಆಡಿದ ಮೇಲೆ ಬದಲಿಸಿದರೆ ನಾಳೆ ಯಾರೂ ಯಾರನ್ನೂ ನಂಬುವುದಿಲ್ಲ ಎಂದರು. ಅದೂ ಸರಿಯೇ. ಬರಾಹಾದವನು ನೆಲ ನೋಡುತ್ತ, ಇರಲಿ ಅಕ್ಕ, ಬಿಡಿ ಎಂದ.

ಆಗ ಯಜಮಾನರು ಗಂಟಲು ಸರಿಮಾಡಿಕೊಂಡರು. ಮೀಟಿಂಗಿನಲ್ಲಿ ಅವರು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಹಳೆ ಲೆಕ್ಕ ಹಾಗೇ ಇರ್ಲಿ. ಆದ್ರೆ ಇವ್ರ ಬಸ್ಸು ತಿರುವಿನಲ್ಲಿ ಕಾಣ್ತಾ ಇತ್ತು. ನಮ್ಮ ಎದುರಿನ ಎರಡು ಪಂದ್ಯದಲ್ಲೂ ಬಾವುಟ ಬೀಳಿಸಿ ಅಂತ ಹೇಳಿದ್ದು ನಾನೇ. ಮುಂದಿನ ವರ್ಷ ಮೆಸಯೀದ್ ಇಲ್ಲ.”

ಕಾಕ ಎದ್ದು ಬಂದು ಅವರ ಭುಜ ಮುಟ್ಟಿ ಮತ್ತೆ ಹೋಗಿ ಕೂತರು. ಬೇಕು ಬೇಕೆಂದೇ ಜಗಳ ತೆಗೆದವಳು ನಾನು, ಆದರೂ ಆ ಮಾತು ಕೇಳಿದಾಗ ನನ್ನ ಕಣ್ಣು ಒಳಕ್ಕೆ ಹೋಯಿತು. ಒಳಗಿನ ಕೋಣೆಯ ಬಾಗಿಲ ಹಿಂದೆ ಅವರ ಹೆಲ್ಮೆಟ್ ತೂಗುತ್ತಿದ್ದುದು ನಾನು ನಿಂತಲ್ಲಿಂದ ಕಾಣುತ್ತಿತ್ತು.

ಬರಾಹಾದವನು ಹೊಸ ಪಟ್ಟಿಯ ಫೋಟೋ ತೆಗೆದು ಊರಿಗೆ ಕಳಿಸಿದ. ಚಹಾದ ಲೋಟ ಖಾಲಿಯಾಗುವುದರೊಳಗೆ ಅವನ ಫೋನು ಹಾಡಿತು. ಎಲ್ಲರಿಗೂ ಕೇಳುವ ಹಾಗೆ ಇಡು ಎಂದು ಕಾಕ ಹೇಳಿದರು. ಮಗು ಹಲೋ ಕೂಡ ಹೇಳದೆ ಓದಲು ಶುರುಮಾಡಿತು. ಸೊನ್ನೆ, ಸೊನ್ನೆ, ಸೊನ್ನೆ ಎಂದು ಆರನ್ನೂ ಸರಸರ ದಾಟಿ, ಕೊನೆಯ ಮನೆಗೆ ಬಂದು ನಿಂತಿತು.

“ಒಂದು… ಸೊನ್ನೆ… ಒಂದು. ಪಪ್ಪಾ, ಇದು ಎಂತ?”

ಅವನು ಫೋನನ್ನು ನನ್ನ ಕಡೆ ಚಾಚಿದ. ಎಷ್ಟೋ ವರ್ಷಗಳ ನಂತರ ನಾನು ಮತ್ತೆ ಒಂದನೇ ಕ್ಲಾಸಿನ ಟೀಚರಾದೆ. ಸೊನ್ನೆ ಒಂದೇ ಇದ್ದರೆ ಸೊನ್ನೆ, ಹೀಗೆ ನಡುವೆ ಕೂತರೆ ನೂರು ಆಗುತ್ತದೆ, ಇದನ್ನು ನೂರ ಒಂದು ಎನ್ನಬೇಕು ಎಂದು ಹೇಳಿಕೊಟ್ಟೆ. ಮಗು ನೂರ ಒಂದು, ನೂರ ಒಂದು ಎಂದು ಹೇಳಿ ನೋಡಿತು. ಅಷ್ಟೂ ಪಪ್ಪಂದಾ ಎಂದು ಕೇಳಿತು. ಹೌದು ಮಗಾ, ಅಷ್ಟೂ ನಿನ್ನ ಪಪ್ಪಂದೇ ಎಂದೆ.

ಇವಳಿಗೆ ರುಚಿ ಹತ್ತಿತು. ಪಕ್ಕದ ಸಾಲಿಗೆ ಹೋದಳು.

“ಎಂಟು, ಎಂಟು. ಇದು ಯಾರ್ದು?”

ನಾನು ಯಜಮಾನರ ಮುಖ ನೋಡಲಾರದೆ ಗೋಳಿಬಜೆಯ ತಟ್ಟೆ ನೋಡಿದೆ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಫೋನಿಗೆ ಬಗ್ಗಿದರು.

“ಅದು ನಂದು ಮಗಾ. ಎಂಬತ್ತೆಂಟು. ಇನ್ನೊಂದ್ಸಲ ಓದು ನೋಡುವ.”